ಟ್ರೇಲರಿನಲ್ಲಿ ಬೈಕು ಕಟ್ಟೋದು ಹೇಗೆ? ಟೆಂಪೋ ಅಣ್ಣನಿಗೆ ಕೇಳಿ

ಅಡ್ಮಿನ್: ಕರಾವಳಿಯಿಂದ ಘಟ್ಟದ ಮೇಲಕ್ಕೆ ಇಪ್ಪತ್ತು ವರ್ಷದಿಂದ ಬೈಕು ಸಾಗಿಸುತ್ತಿರುವ ನಮ್ಮ ಟೆಂಪೋ ಅಣ್ಣ ಇವತ್ತು ಸಂಜೆ ಗ್ರೂಪಿನಲ್ಲಿ ಇರ್ತಾರೆ. ಬೈಕು ಕಟ್ಟುವ ವಿಷಯ ಮಾತ್ರ ಕೇಳಿ. ಗುಡ್ ಈವ್ನಿಂಗ್ ಹೂವು ಬೇಡ.

ಕುಮಟಾ ಮೇಷ್ಟ್ರು: ನಮಸ್ಕಾರ ಅಣ್ಣ. ಮಗಳ ಸ್ಕೂಟಿಯನ್ನು ಪಿಕಪ್‌ನಲ್ಲಿ ಹುಬ್ಬಳ್ಳಿಗೆ ಕಳಿಸಬೇಕು. ಹಗ್ಗ ಸಾಕಾ, ಬೆಲ್ಟೇ ಬೇಕಾ?

ಟೆಂಪೋ ಅಣ್ಣ: ನಮಸ್ಕಾರ ಮೇಷ್ಟ್ರೇ. ರ‍್ಯಾಚೆಟ್ ಬೆಲ್ಟೇ ತಗೊಳ್ಳಿ, ಹಿಡಿ ಆಡಿಸಿ ಬಿಗಿಯುವಂಥದ್ದು, ನಾಲ್ಕು. ನೈಲಾನ್ ಹಗ್ಗ ಎಳೆದಷ್ಟೂ ಉದ್ದವಾಗುತ್ತೆ, ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. ಬೆಲ್ಟು ಸ್ಕೂಟಿಯ ಪ್ಲಾಸ್ಟಿಕ್ ಭಾಗಕ್ಕೆ ತಾಗುವಲ್ಲಿ ಹಳೇ ಟವೆಲ್ ಸುತ್ತಿ.

ಕಾರವಾರದಿಂದ: ಕಾರವಾರ ಟು ಹುಬ್ಬಳ್ಳಿ ಬಾಡಿಗೆ ಎಷ್ಟು ಅಣ್ಣ?

ಶಿರಸಿ ಭಟ್ರು: ಅಪ್ಪನ ಬುಲೆಟ್ ಕಾರವಾರದಲ್ಲಿ ತಂಗಿ ಮನೆಯಲ್ಲಿದೆ. ನಮ್ಮ ಜೀಪಿನ ಹಿಂದೆ ಅಡಿಕೆ ಚೀಲ ಹೇರುವ ಟ್ರೇಲರ್ ಇದೆ. ಅದರಲ್ಲಿ ಹಾಕಿ ದೇವಿಮನೆ ಘಟ್ಟ ಹತ್ತಿಸಿ ತರೋಣ ಅಂತ. ಸೈಡ್ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ಲಿಗೆ ಹಗ್ಗ ಬಿಗಿಯುತ್ತೇವೆ. ಹಿಂದಿನ ಚಕ್ರ ಸ್ವಲ್ಪ ಹೊರಗೆ ಬರುತ್ತೆ, ಬಾಗಿಲು ಮುಚ್ಚೋದಿಲ್ಲ. ಅಳಿಯ ಬೈಕಿನ ಮೇಲೆ ಕೂತು ಹಿಡ್ಕೊಳ್ತಾನೆ. ಸಾಕಲ್ವಾ?

ಟೆಂಪೋ ಅಣ್ಣ: ಭಟ್ರೇ, ಮೊದಲು ಅಳಿಯನನ್ನು ಇಳಿಸಿ ಜೀಪಿನೊಳಗೆ ಕೂರಿಸಿ. ಉಳಿದದ್ದು ಆಮೇಲೆ.

ಬುಲೆಟ್ ಹೆಚ್ಚುಕಡಿಮೆ 190 ಕೆ.ಜಿ. ಜೋರಾಗಿ ಬ್ರೇಕ್ ಹಾಕಿದರೆ ಅದರ ತೂಕದ ಐದರಲ್ಲಿ ನಾಲ್ಕು ಪಾಲಿನಷ್ಟು ಬಲ ಮುಂದಕ್ಕೆ ನೂಕುತ್ತೆ. ಅಂದರೆ 150 ಕೆ.ಜಿ. ನಿಮ್ಮ ಅಳಿಯ ಹಿಡಿಯುತ್ತಾನಾ? ಬೈಕು ಮಗುಚಿದರೆ ಅಡಿಯಲ್ಲಿ ಸಿಕ್ಕಿಕೊಳ್ಳೋದು ಅವನ ಕಾಲು.

ಸೈಡ್ ಸ್ಟ್ಯಾಂಡ್ ಬೇಡ. ಹಂಪಿನಲ್ಲಿ ಬೈಕು ಕುಪ್ಪಳಿಸಿದಾಗ ಆ ಭಾರವೆಲ್ಲ ಸ್ಟ್ಯಾಂಡಿನ ಮೇಲೆ ಬೀಳುತ್ತೆ, ಅದು ಬಾಗುತ್ತೆ, ಇಲ್ಲವೇ ಮಡಚಿಕೊಳ್ಳುತ್ತೆ. ಬೈಕು ನೆಟ್ಟಗೆ ನಿಲ್ಲಬೇಕು. ಮುಂದಿನ ಚಕ್ರ ಟ್ರೇಲರಿನ ಮುಂಗಡೆ ಹಲಗೆಗೆ ತಾಗಿರಲಿ, ಚಕ್ರ ಆಚೀಚೆ ತಿರುಗದಂತೆ ಎರಡೂ ಬದಿಗೆ ಮರದ ತುಂಡು ಹೊಡೆಯಿರಿ.

ಬೆಲ್ಟು ಹ್ಯಾಂಡಲ್ ತುದಿಗಲ್ಲ. ಅದು ತಿರುಗುತ್ತೆ, ಬಾಗುತ್ತೆ. ಮುಂದಿನ ಚಕ್ರದ ಎರಡೂ ಬದಿಯ ಫೋರ್ಕ್ ಕಂಬಿಯನ್ನು ಹಿಡಿದಿರುವ ಕೆಳಗಿನ ಕ್ಲ್ಯಾಂಪಿಗೆ ಹಾಕಿ. ಅಲ್ಲಿಂದ ಮುಂದಕ್ಕೆ, ಹೊರಕ್ಕೆ, ಕೆಳಕ್ಕೆ ಓರೆಯಾಗಿ ಎಳೆಯಿರಿ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಹೀಗೆ. ಮುಂದಿನ ಶಾಕಪ್ ಅರ್ಧ ಕುಸಿದರೆ ಸಾಕು. ಪೂರ್ತಿ ತಳ ಮುಟ್ಟಿಸಿದರೆ ಆಯಿಲ್ ಸೀಲ್ ಹೋಗುತ್ತೆ. ಹಿಂದಿನ ಎರಡು ಬೆಲ್ಟು ಚಾಸಿಸ್ಸಿಗೆ, ಹಿಂದಕ್ಕೆ ಮತ್ತು ಹೊರಕ್ಕೆ. ಸೈಲೆನ್ಸರಿಗೋ ಕ್ಯಾರಿಯರ್ರಿಗೋ ಕಟ್ಟಬೇಡಿ. ಘಟ್ಟ ಹತ್ತುವಾಗ ಬೈಕು ಹಿಂದಕ್ಕೆ ಜಾರೋಕೆ ನೋಡುತ್ತೆ, ಆಗ ತಡೆಯೋದು ಮುಂದಿನ ಬೆಲ್ಟು. ತಿರುವಿನಲ್ಲಿ ನಾಲ್ಕೂ ಬೇಕು.

ಇನ್ನು ಹೊರಗೆ ಬರುವ ಆ ಹಿಂದಿನ ಚಕ್ರ. ನನಗೆ ಹೆದರಿಕೆ ಅದರದ್ದೇ. ಭಾರ ಟ್ರೇಲರಿನ ಚಕ್ರದ ಅಚ್ಚಿನ ಹಿಂದಕ್ಕೆ ಹೋದರೆ ಜೀಪಿಗೆ ಸಿಗಿಸಿದ ಕೊಂಡಿಯನ್ನು ಮೇಲಕ್ಕೆ ಎತ್ತುತ್ತೆ, ಟ್ರೇಲರ್ ಬಾಲ ಆಡಿಸುತ್ತೆ, ಜೀಪನ್ನೂ ಎಳೆದಾಡುತ್ತೆ. ತುಂಬಿದ ಟ್ರೇಲರಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಇರಬೇಕು. ಬುಲೆಟ್ ಏಳಡಿ ಉದ್ದ. ಟ್ರೇಲರ್ ಒಳಗೆ ಅಳೆದು ಹೇಳಿ.

ಹೊನ್ನಾವರ ಬುಲೆಟ್ ಮಾವ: ಇಷ್ಟೆಲ್ಲ ಯಾಕೆ? ಫಾರ್ವರ್ಡ್ ಬಂದಿದೆ ನೋಡಿ: "ಎರಡೂ ಟಯರಿನ ಗಾಳಿ ಬಿಡಿ, ಲಾರಿ ಟ್ಯೂಬ್ ಸೀಳಿ ಕಟ್ಟಿ, ಬೈಕು ಅಲ್ಲಾಡಲ್ಲ. ಎಲ್ಲರಿಗೂ ಹಂಚಿ 🙏"

ಟೆಂಪೋ ಅಣ್ಣ: ಹಂಚಬೇಡಿ. ಗಾಳಿ ಬಿಟ್ಟ ಟಯರ್ ಹಂಪಿಗೊಮ್ಮೆ ಚಪ್ಪಟೆಯಾಗುತ್ತೆ, ಆಗೆಲ್ಲ ಕಟ್ಟು ಸಡಿಲ. ಟ್ಯೂಬು ಅಂದರೆ ರಬ್ಬರು, ಹಿಗ್ಗೋದೇ ಅದರ ಕೆಲಸ. ಹಾಲಿನ ಕ್ಯಾನಿಗೆ ಕಟ್ಟಿ, ಬೈಕಿಗಲ್ಲ. ನಾನೂ ಮೊದಲ ವರ್ಷ ಟ್ಯೂಬೇ ಕಟ್ಟಿದ್ದೆ. ಅರಬೈಲು ಘಟ್ಟದಲ್ಲಿ ಒಂದು ಆರ್‌ಎಕ್ಸ್ 100 ಬೈಕು ಮಗುಚಿ ಟ್ಯಾಂಕು ಜಜ್ಜಿಹೋಯಿತು. ತಪ್ಪು ನನ್ನದೇ, ದುಡ್ಡೂ ನಾನೇ ಕೊಟ್ಟೆ.

ಹೊನ್ನಾವರ ಬುಲೆಟ್ ಮಾವ: ನಾನು ಫಾರ್ವರ್ಡ್ ಮಾಡಿದ್ದಷ್ಟೇ. ಆದರೆ ಗೇರಿನಲ್ಲಿ ಇಡಲೇಬೇಕು, ಅದಂತೂ ಸತ್ಯ.

ಸಿದ್ದಾಪುರದ ತಮ್ಮ: ಇಲ್ಲ ಮಾವ, ನ್ಯೂಟ್ರಲ್. ಗೇರಲ್ಲಿ ಇಟ್ಟರೆ ಚೈನಿಗೆ ಪೆಟ್ಟು.

ಹೊನ್ನಾವರ ಬುಲೆಟ್ ಮಾವ: ನೀನು ಹುಟ್ಟೋ ಮೊದಲಿಂದ ಬುಲೆಟ್ ಓಡಿಸ್ತಿದ್ದೇನೆ ಮಾರಾಯಾ.

ಸಿದ್ದಾಪುರದ ತಮ್ಮ: ಓಡಿಸೋದು ಬೇರೆ, ಕಟ್ಟೋದು ಬೇರೆ. ಸಮುದ್ರದ ಬದಿಯವರಿಗೆ ಘಟ್ಟದ ತಿರುವು ಗೊತ್ತಾ?

ಕುಮಟಾ ಮೇಷ್ಟ್ರು: ಗೊತ್ತಿಲ್ಲದೇನು? ದೇವಿಮನೆ ಶುರುವಾಗೋದೇ ನಮ್ಮ ಕಡೆಯಿಂದ.

ಸಿದ್ದಾಪುರದ ತಮ್ಮ: ಮುಗಿಯೋದು ನಮ್ಮ ಕಡೆ.

ಅಡ್ಮಿನ್: ಸಾಕು.

ಟೆಂಪೋ ಅಣ್ಣ: ಕಟ್ಟುವಾಗ ನ್ಯೂಟ್ರಲ್, ಚಕ್ರ ಮುಂದಕ್ಕೆ ಸರಿಯಾಗಿ ಕೂರಲಿ. ಕಟ್ಟಿ ಮುಗಿದ ಮೇಲೆ ಮೊದಲ ಗೇರು. ಬೆಲ್ಟು ಸರಿಯಿಲ್ಲದ ಬೈಕನ್ನು ಯಾವ ಗೇರೂ ಉಳಿಸೋದಿಲ್ಲ.

ಅಂಕೋಲಾದಿಂದ: ಅಣ್ಣ, ಹಗ್ಗ ಸಾಕಾ?

ಟೆಂಪೋ ಅಣ್ಣ: ಮೇಲೆ ಓದಿ.

ಭಟ್ಕಳದಿಂದ: ರೈಲಿನಲ್ಲಿ ಪಾರ್ಸೆಲ್ ಹಾಕಿದರೆ?

ಟೆಂಪೋ ಅಣ್ಣ: ಹಾಕಬಹುದು. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಕಾಪಿ ಇಟ್ಕೊಳ್ಳಿ.

ಯಲ್ಲಾಪುರದಿಂದ: ದಾರಿಯಲ್ಲಿ ಬಿದ್ದರೆ ಬೈಕಿನ ಇನ್ಶೂರೆನ್ಸ್ ಬರುತ್ತಾ?

ಗೋಕರ್ಣದಿಂದ: ಹಗ್ಗ ನಡೆಯುತ್ತಾ ಸಾರ್? ತೆಂಗಿನ ನಾರಿನದ್ದು, ಗಟ್ಟಿ ಇದೆ.

ಟೆಂಪೋ ಅಣ್ಣ: ಇಲ್ಲ.

ಗೋಕರ್ಣದಿಂದ: ಸ್ವಲ್ಪ ಸರಿಯಾಗಿ ಹೇಳಬಹುದಲ್ವಾ? ಸುಮ್ನೆ "ಇಲ್ಲ" ಅಂದ್ರೆ?

ಟೆಂಪೋ ಅಣ್ಣ: ಮೂರನೇ ಸಲ ಅದೇ ಪ್ರಶ್ನೆ. ನಾರಿನ ಹಗ್ಗ ದೋಣಿ ಕಟ್ಟೋಕೆ ಇಡಿ.

ಕಾರವಾರದಿಂದ: ಬಾಡಿಗೆ ಕೇಳಿದ್ದೆ.

ಶಿರಸಿ ಭಟ್ರು: ಅಳೆದೆ. ಒಳಗೆ ಆರು ಅಡಿ ನಾಲ್ಕು ಇಂಚು. ಓರೆಯಾಗಿ ಇಟ್ಟರೆ ಹಿಡಿಯುತ್ತೆ. ಬೆಲ್ಟು ಮನೆಯಲ್ಲೇ ಎರಡಿದೆ, ಹಂಚಿನ ಮನೆ ಮೇಲೆ ಐದು ವರ್ಷದಿಂದ ತಾಡಪತ್ರಿ ಕಟ್ಟಿದ್ದು.

ಟೆಂಪೋ ಅಣ್ಣ: ಓರೆ ಇಟ್ಟರೆ ಮುಂದಿನ ಚಕ್ರ ಮೂಲೆಗೆ ಹೋಗುತ್ತೆ, ಎರಡು ಬದಿಗೂ ಸಮನಾಗಿ ಎಳೆಯೋಕೆ ಆಗೋದಿಲ್ಲ. ಐದು ವರ್ಷ ಬಿಸಿಲು ತಿಂದ ಬೆಲ್ಟು ನೋಡೋಕೆ ಗಟ್ಟಿ, ಒಳಗೆ ನೂಲು ಸತ್ತಿರುತ್ತೆ. ಬಿಸಾಡಿ. ಆ ಟ್ರೇಲರೂ ಬೇಡ. ಉದ್ದ ಇರುವ ಪಿಕಪ್ ಯಾರದ್ದಾದರೂ ಕರೆಸಿ, ನನ್ನದೇ ಆಗಬೇಕಂತಿಲ್ಲ. ಹೊಸ ಬೆಲ್ಟು ತಗೊಳ್ಳಿ, ಹುಕ್ಕಿಗೆ ಕಳಚದಂಥ ಕೀಲಿ ಇರಲಿ. ಹೊರಟ ಹತ್ತು ಕಿ.ಮೀ. ಒಳಗೆ ನಿಲ್ಲಿಸಿ ಬಿಗಿ ನೋಡಿ. ಅಂಕೋಲಾದಲ್ಲಿ ಮತ್ತೆ. ಕತಗಾಲ ದಾಟಿ ಘಟ್ಟ ಹತ್ತುವ ಮೊದಲು ಮತ್ತೆ.

ಶಿರಸಿ ಭಟ್ರು: ಅಳಿಯ ಬೇಜಾರು ಮಾಡ್ಕೊಂಡ.

ಟೆಂಪೋ ಅಣ್ಣ: ಮಾಡ್ಕೊಳ್ಳಲಿ.

ಹೊನ್ನಾವರ ಬುಲೆಟ್ ಮಾವ: ಇನ್ನೊಂದು ಫಾರ್ವರ್ಡ್ ಬಂತು. ಸೀಟಿನ ಮೇಲೆ ಎರಡು ಮರಳಿನ ಚೀಲ ಇಟ್ಟರೆ…

ಟೆಂಪೋ ಅಣ್ಣ: ನಾನು ಊಟಕ್ಕೆ ಹೊರಟೆ.

ಕಾರವಾರದಿಂದ: ಅಣ್ಣ, ಬಾಡಿಗೆ??