ತೆಳು ಒಸಡಿಗೆ ಕ್ಲಿಪ್ ಹಾಕಿಸಬಹುದೇ?

ಪ್ರಶ್ನೆ: ಮಗಳಿಗೆ 17 ವರ್ಷ. ಕೆಳಸಾಲಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿವೆ. ಕ್ಲಿಪ್ ಹಾಕಿಸಲು ಹೋದಾಗ ವೈದ್ಯರು ಒಸಡಿನ ಅಂಚಿನೊಳಗೆ ಅಳತೆಕಡ್ಡಿ ಇಳಿಸಿದರು. ಅದರ ಬೂದು ಬಣ್ಣ ಒಸಡಿನ ಮೂಲಕ ನನಗೂ ಕಾಣಿಸಿತು. “ಮೊದಲು ಒಸಡಿನ ತಜ್ಞರಿಗೆ ತೋರಿಸಿ” ಎಂದರು. ನೋವಿಲ್ಲ, ರಕ್ತವಿಲ್ಲ. ತೋರಿಸಲೇಬೇಕೇ?

ಉತ್ತರ 1: ತೋರಿಸಿ ಅಮ್ಮ, ದಯವಿಟ್ಟು ತಪ್ಪಿಸಬೇಡಿ. ನಾನು ಒಸಡಿನ ಚಿಕಿತ್ಸೆ ಮಾಡುವವಳು. ಕಡ್ಡಿ ಹೊರಗೆ ಕಂಡರೆ ಒಸಡಿನ ದಪ್ಪ ಸಾಮಾನ್ಯವಾಗಿ 1 ಮಿ.ಮೀ. ದಾಟಿರುವುದಿಲ್ಲ, ಹಿಂದಿನ ಮೂಳೆಯೂ ಹೆಚ್ಚಾಗಿ ತೆಳುವೇ. ಹಲ್ಲನ್ನು ತುಟಿಯತ್ತ ತಳ್ಳಿದರೆ ಒಸಡು ಜಾರಿ ಬೇರು ಹೊರಬೀಳಬಹುದು. ದಪ್ಪ ಒಸಡು ಅಷ್ಟು ಸುಲಭವಾಗಿ ಜಾರದು. ದಪ್ಪ ಒಸಡಿನಲ್ಲಿ ಉರಿಯೂತವಾದರೆ ಹಲ್ಲು-ಒಸಡಿನ ನಡುವಿನ ಸಂದು ಒಳಗೊಳಗೇ ಆಳವಾಗುತ್ತದೆ. ತೆಳು ಒಸಡು ಕಾಯಿಲೆಯಲ್ಲ. ಬೇಕೆನಿಸಿದರೆ ಅಂಗುಳಿನಿಂದ ಅಂಗಾಂಶ ತೆಗೆದು ಕಸಿ ಮಾಡುತ್ತೇವೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ.

ಉತ್ತರ 2: ನನ್ನದೂ ತೆಳು ಒಸಡು. ಮುಂದಿನ ಹಲ್ಲಿನ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಮೇಲೆ, ಕೃತಕ ಹಲ್ಲನ್ನು ಹಿಡಿದಿಡುವ ಟೈಟಾನಿಯಂ ಲೋಹದ ಜೋಡಣೆ ಇಟ್ಟಾಗ ಅಂಚಿನಲ್ಲಿ ಬೂದು ನೆರಳು ಕಾಣುತ್ತಿತ್ತು. ಅದರ ಬದಲು ಪಿಂಗಾಣಿಯಂಥ ಬಿಳಿ ಜಿರ್ಕೋನಿಯಾ ಜೋಡಿಸಿದ ಮೇಲೆ ಕಡಿಮೆಯಾಯಿತು.

ಪ್ರಶ್ನೆ ಕೇಳಿದವರು: ಧನ್ಯವಾದ ಡಾಕ್ಟರೇ. ಅಲ್ಲಿಯವರೆಗೆ ಅವಳು ಹೇಗೆ ಹಲ್ಲುಜ್ಜಬೇಕು?

ಉತ್ತರ 1: ಮೃದು ಎಳೆಗಳ ಬ್ರಷ್, ಹಗುರ ಕೈ. ಅಡ್ಡಡ್ಡ ಗಸಗಸ ಉಜ್ಜುವುದು ಬೇಡವೇ ಬೇಡ.