ಪದಚರ್ಚೆ: ‘ಹಾಲೋ ಕ್ಯಾಥೋಡ್’ – ಪೊಳ್ಳೋ, ಟೊಳ್ಳೋ?

ಪ್ರಶ್ನೆ (ದಾವಣಗೆರೆ): ಉಪಗ್ರಹಗಳ ವಿದ್ಯುತ್ ನೋದನದ (ವಿದ್ಯುತ್ತಿನಿಂದ ಅಯಾನುಗಳನ್ನು ಚಿಮ್ಮಿಸಿ ಉಪಗ್ರಹವನ್ನು ತಳ್ಳುವ ವಿಧಾನ) ಬಗ್ಗೆ ಪಿಯುಸಿ ಮಕ್ಕಳಿಗಾಗಿ ಕೈಪಿಡಿ ಸಿದ್ಧವಾಗುತ್ತಿದೆ. ಅದರಲ್ಲಿ ಎಲೆಕ್ಟ್ರಾನು ಒದಗಿಸುವ ಕೊಳವೆಯಾಕಾರದ ಭಾಗವಾದ ‘ಹಾಲೋ ಕ್ಯಾಥೋಡ್’ಗೆ ಕರಡಿನಲ್ಲಿ ‘ಪೊಳ್ಳು ಋಣಾಗ್ರ’ ಎಂದಿದೆ. ಸರಿಯೇ? ‘ಕೀಪರ್’, ‘ಪಾಯ್ಸನಿಂಗ್’, ‘ಕಂಡೀಷನಿಂಗ್’ ಇವಕ್ಕೂ ಕನ್ನಡ ಬೇಕಾಗಿದೆ.

ಉತ್ತರ (ಚಿತ್ರದುರ್ಗ): ಮೇಡಂ, ನಮಸ್ಕಾರ. ‘ಪೊಳ್ಳು’ ಬೇಡ. ಪೊಳ್ಳು ಮಾತು, ಪೊಳ್ಳು ಭರವಸೆ ಎನ್ನುವಾಗ ಹುರುಳಿಲ್ಲ ಎಂಬ ಅರ್ಥವೇ ಮುಂದೆ ನಿಲ್ಲುತ್ತದೆ. ಇಲ್ಲಿ ಒಳಗಿನ ಖಾಲಿ ಜಾಗದಲ್ಲೇ ಎಲ್ಲ ಕೆಲಸ ನಡೆಯುವುದು. ಟೊಳ್ಳು ಮರ, ಟೊಳ್ಳು ಬಿದಿರು ಅನ್ನುತ್ತೇವಲ್ಲ, ಆ ‘ಟೊಳ್ಳು’ ಆಕಾರವನ್ನಷ್ಟೇ ಹೇಳುತ್ತದೆ. ‘ಋಣಾಗ್ರ’ವೂ ದಾರಿ ತಪ್ಪಿಸುತ್ತದೆ: ಎಲೆಕ್ಟ್ರಾನುಗಳು ಹೊಮ್ಮುವುದು ಅಗ್ರದಿಂದಲ್ಲ, ಕೊಳವೆಯ ಒಳಮೈಯಿಂದ. ‘ಟೊಳ್ಳು ಕ್ಯಾಥೋಡ್’ ಎಂದೇ ಬರೆಯಿರಿ.

ರಚನೆಯನ್ನು ಹೀಗೆ ಹೇಳಬಹುದು. ಶಾಖ ತಾಳುವ ಲೋಹದ ಅಥವಾ ಗ್ರಾಫೈಟಿನ ಕೊಳವೆ. ತುದಿಯಲ್ಲಿ ಸಣ್ಣ ಕಿಂಡಿಯಿರುವ ಬಿಲ್ಲೆ. ಒಳಗೆ ಎಲೆಕ್ಟ್ರಾನು ಸೂಸುವ ‘ಒಳಗೊಳವೆ’. ಹೊರಗೆ ಹೀಟರ್ ಸುರುಳಿ. ಒಳಗೊಳವೆ ಸಾಮಾನ್ಯವಾಗಿ ರಂಧ್ರಮಯ ಟಂಗ್‌ಸ್ಟನ್. ಅದಕ್ಕೆ ಬೇರಿಯಂ ಆಕ್ಸೈಡ್, ಕ್ಯಾಲ್ಸಿಯಂ ಆಕ್ಸೈಡ್, ಅಲ್ಯೂಮಿನಾ ಮಿಶ್ರಣವನ್ನು (4:1:1 ಪ್ರಚಲಿತ) ಹೀರಿಸಿರುತ್ತಾರೆ. ಬರೀ ಟಂಗ್‌ಸ್ಟನ್ನಿನ ಕಾರ್ಯಫಲನ (ಮೇಲ್ಮೈಯಿಂದ ಒಂದು ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾದ ಶಕ್ತಿ) ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್. ಬೇರಿಯಂ ಮೇಲ್ಮೈಗೆ ಬಂದಾಗ ಅದು 2.1ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ 1000–1100 ಡಿಗ್ರಿ ಸೆಲ್ಸಿಯಸ್ ಸಾಕಾಗುತ್ತದೆ. ಒಳಗೊಳವೆಗೆ ಲ್ಯಾಂಥನಮ್ ಹೆಕ್ಸಾಬೋರೈಡ್ ಬಳಸಿದರೆ 1600 ದಾಟಬೇಕು. ಹೀಟರ್ ಕೆಲಸ ಹೊತ್ತಿಸುವವರೆಗೆ ಮಾತ್ರ. ಆಮೇಲೆ ಕೊಳವೆಯಲ್ಲಿ ಹರಿಸುವ ಕ್ಸೆನಾನ್ ಅನಿಲದ ಪ್ಲಾಸ್ಮಾದಲ್ಲಿರುವ ಅಯಾನುಗಳೇ ಗೋಡೆಗೆ ಬಡಿದು ಕಾವು ಉಳಿಸುತ್ತವೆ.

‘ಕೀಪರ್’ಗೆ ನನ್ನ ಸಲಹೆ ‘ಕಾಪುಗವಸು’. ಕೊಳವೆಯನ್ನು ಸುತ್ತುವರಿದ, ಮುಂದೆ ತೂತಿರುವ ಈ ಕವಚಕ್ಕೆ ಹೊತ್ತಿಸುವಾಗ ಕೆಲವು ನೂರು ವೋಲ್ಟ್ ಧನ ವಿಭವ ಕೊಡುತ್ತಾರೆ. ವಿದ್ಯುತ್ ವಿಸರ್ಜನೆ (ಅನಿಲದ ಮೂಲಕ ವಿದ್ಯುತ್ ಹರಿಯುವುದು) ಆರದಂತೆ ಹಿಡಿದಿಡುವುದೂ ಅದೇ, ಅಯಾನುಗಳ ಹೊಡೆತ ಕ್ಯಾಥೋಡಿಗೆ ತಾಗದಂತೆ ತಡೆಯುವುದೂ ಅದೇ. ‘ಕಾಪು’ ಎಂಬುದರಲ್ಲಿ ಈ ಎರಡೂ ಅರ್ಥ ಇವೆ.

‘ಪಾಯ್ಸನಿಂಗ್’ ಅನ್ನು ‘ನಂಜೇರುವುದು’ ಎನ್ನಿ. ಆಮ್ಲಜನಕ ಅಥವಾ ನೀರಾವಿ ತಗುಲಿದರೆ ಬೇರಿಯಂ ಪದರ ಕೆಟ್ಟು ಕಾರ್ಯಫಲನ ಏರುತ್ತದೆ. ಅಷ್ಟೇ ವಿದ್ಯುತ್ತಿಗೆ ಹೆಚ್ಚು ಕಾವು ಬೇಕಾಗಿ ಬೇರಿಯಂ ಬೇಗ ಆವಿಯಾಗುತ್ತದೆ, ಆಯುಷ್ಯ ತಗ್ಗುತ್ತದೆ. ಅದಕ್ಕೇ 99.999 ಶೇಕಡಾ ಶುದ್ಧ ಕ್ಸೆನಾನ್ ಕೇಳುವುದು. ಹೆಕ್ಸಾಬೋರೈಡಿಗೆ ನಂಜು ಅಷ್ಟು ಸುಲಭವಾಗಿ ಏರದು. ಆದರೆ ಬಿಸಿಯಲ್ಲಿ ಅದರ ಬೋರಾನ್ ಲೋಹದ ಹಿಡಿಕೆಯೊಳಕ್ಕೆ ಇಳಿದು ಅದನ್ನು ಪೆಡಸು ಮಾಡುತ್ತದೆ. ಗ್ರಾಫೈಟ್ ಹಿಡಿಕೆ ಬೇಕು. ಅವಸರದಲ್ಲಿ ಕಾಯಿಸಿದರೆ ಬಿರುಕೂ ಬಿಡುತ್ತದೆ.

‘ಕಂಡೀಷನಿಂಗ್’ಗೆ ‘ಪಳಗಿಸುವುದು’. ಬೆಣ್ಣೆ ದೋಸೆಯ ಊರಿನ ಮಕ್ಕಳಿಗೆ ಹೊಸ ಕಾವಲಿ ಪಳಗಿಸುವುದು ಗೊತ್ತೇ ಇರುತ್ತದೆ. ಹಾಗೆಯೇ ಕ್ಯಾಥೋಡನ್ನು ನಿರ್ವಾತದಲ್ಲಿ ಹಂತಹಂತವಾಗಿ, ಗಂಟೆಗಟ್ಟಲೆ ಕಾಯಿಸಿ ಹೀರಿಕೊಂಡ ತೇವ, ಅನಿಲಗಳನ್ನು ಹೊರಹಾಕಬೇಕು. ಒಂದು ವ್ಯತ್ಯಾಸ ಕೈಪಿಡಿಯಲ್ಲಿ ಬರಲಿ: ಇದನ್ನು ಗಾಳಿಗೆ ತೆರೆದಾಗಲೆಲ್ಲ ಮತ್ತೆ ಪಳಗಿಸಬೇಕು.

ಮಣ್ಣು ಪರೀಕ್ಷೆಯಲ್ಲಿ ಸತು, ಕಬ್ಬಿಣ ಅಳೆಯುವ ಉಪಕರಣದಲ್ಲೂ ‘ಹಾಲೋ ಕ್ಯಾಥೋಡ್ ದೀಪ’ ಇರುತ್ತದೆ. ಅದು ಹೀಟರಿಲ್ಲದ, ಅಳೆಯಬೇಕಾದ ಲೋಹದ್ದೇ ಪುಟ್ಟ ಬಟ್ಟಲು. ಗೊಂದಲವಾಗದಂತೆ ಅದನ್ನು ‘ಬಟ್ಟಲು ಕ್ಯಾಥೋಡ್ ದೀಪ’ ಎಂದು ಬೇರೆ ಮಾಡಿ.