ಶಿರಾಡಿ ಘಾಟಿಯಲ್ಲಿ ಎಂಜಿನ್ ಹೋಯಿತು, ರಿಪೇರಿ ಮಾಡಿಸಲಾ ಮಾರಲಾ?

ಪ್ರಶ್ನೆ:
ನಮ್ಮದು 2012ರ ಡೀಸೆಲ್ ಕಾರು, 1,40,000 ಕಿ.ಮೀ. ಓಡಿದೆ. ಹೋದ ವಾರ ಮಂಗಳೂರಿಂದ ಸಕಲೇಶಪುರಕ್ಕೆ ಬರುವಾಗ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಯಿತು, ನಿಲ್ಲಿಸಲು ಜಾಗ ಸಿಗದೆ ಇನ್ನೆರಡು ತಿರುವು ಓಡಿಸಿದೆ, ಬಾನೆಟ್‌ನಿಂದ ಹಬೆ ಬಂದು ಎಂಜಿನ್ ಆಫ್ ಆಯಿತು. ಆಯಿಲ್ ಕಡ್ಡಿ ಎಳೆದು ನೋಡಿದರೆ ಹಾಲು ಹಾಕಿದ ಕಾಫಿ ಬಣ್ಣ. ಮೆಕ್ಯಾನಿಕ್ 90 ಸಾವಿರ ಅಂತಿದ್ದಾರೆ. ಅಪ್ಪ ಕೊಡಿಸಿದ ಕಾರು, ಮಾರಲು ಮನಸ್ಸೇ ಬರುತ್ತಿಲ್ಲ.

ಉತ್ತರ 1:
ಮೊದಲು ಇನ್ನೊಂದು ಸಲ ಸ್ಟಾರ್ಟ್ ಮಾಡಬೇಡಿ. ಆಯಿಲ್‌ಗೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೇರಿದಂತಿದೆ, ಹಾಗೇ ಓಡಿಸಿದರೆ ಬೇರಿಂಗ್‌ಗಳೂ ಹೋಗುತ್ತವೆ. ಜಾಸ್ತಿ ಸಲ ಹೆಡ್ (ಎಂಜಿನ್‌ನ ಮೇಲ್ಭಾಗ) ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುತ್ತದೆ, ಇಲ್ಲವೇ ಹೆಡ್ ಬಾಗಿರುತ್ತದೆ. ಸುಮ್ನೆ ಪೂರ್ತಿ ಎಂಜಿನ್ ಬಿಚ್ಚಿಸುವ ಬದಲು ಹೆಡ್ ಮಾತ್ರ ತೆಗೆಸಿ, ಬಿರುಕು ಇದೆಯಾ ಅಂತ ಪ್ರೆಶರ್ ಟೆಸ್ಟ್ ಮಾಡಿಸಿ. ಬಿರುಕಿಲ್ಲದೆ, ಸಿಲಿಂಡರ್ ಗೋಡೆಯಲ್ಲಿ ಗೀರೂ ಇಲ್ಲದಿದ್ದರೆ ಖರ್ಚು ತುಂಬಾ ಇಳಿಯುತ್ತದೆ.

ಉತ್ತರ 2:
ಆರ್‌ಸಿ (ನೋಂದಣಿ ಪತ್ರ) ದಿನಾಂಕ ನೋಡಿಕೊಳ್ಳಿ. 2027ಕ್ಕೆ 15 ವರ್ಷ ತುಂಬುತ್ತದೆ, ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಹಳೆ ಗಾಡಿಗೆ ಹಾಕುವ ಗ್ರೀನ್ ಟ್ಯಾಕ್ಸ್ ಎಲ್ಲಾ ಬರುತ್ತದೆ ಅಲ್ವಾ? 90 ಸಾವಿರವೇ ಆಗುವುದಾದರೆ ನಾನಂತೂ ಇದ್ದ ಹಾಗೇ ಮಾರುತ್ತೇನೆ. ಆದರೆ ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಮರೆತುಬಿಡಬೇಡಿ, ಆರ್‌ಸಿ ಕೊಂಡವರ ಹೆಸರಿಗೆ ಆಗುವವರೆಗೂ ಬೆನ್ನುಹತ್ತಿ.

ಉತ್ತರ 3:
ಸೆಕೆಂಡ್ ಹ್ಯಾಂಡ್ ಎಂಜಿನ್ ಹಾಕಿಸಿದರೆ ಬಿಲ್ ತಗೊಂಡು ಆರ್‌ಟಿಒದಲ್ಲಿ ಎಂಜಿನ್ ನಂಬರ್ ಬದಲಾಯಿಸಲೇಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಾಳೆ ಹೆಡ್ ಬಿಚ್ಚಿಸುತ್ತೇನೆ. ಬಿರುಕಿದ್ದರೆ ಮಾರುತ್ತೇನೆ, ಅಪ್ಪನಿಗೂ ಹೇಳಿದ್ದೇನೆ.